ಮೂರನೇ ಸಲ ಕೇಳಿದಾಗ

ಕೆಲಸ ಮುಗಿಸಿ ಮನೆಗೆ ಬರ್ತಾ ಪಾಳುಬಾವಿ ದಾಟೋ ಹೊತ್ತಿಗೆ ನನ್ನ ತಂಗಿ ಮಗ ಜೇಬು ಮುಟ್ಟಿಕೊಂಡ. ಮನೆ ಬೀಗದಕೈ ಇಲ್ಲ... ಊರಾಚೆಯ ಪರಮಾಣು ಲ್ಯಾಬಿನ ಯಂತ್ರದ ಕೋಣೆಯಲ್ಲೇ ಉಳಿದಿದೆ. ಸರಿರಾತ್ರಿ. ತಿರುಗಿ ಹೊರಟ.

ಅವನು ಅಲ್ಲಿನ ಫಿಟ್ಟರು. ಆ ಕೋಣೆ ಗೋಡೆಗೆ ಕಾಂಕ್ರೀಟು ಸುರಿದದ್ದು ಮಾತ್ರ ಈ ಕೈ! ಎರಡಾಳು ದಪ್ಪ. ಆನೆ ಗುದ್ದಿದರೆ ಆನೆಗೇ ತಲೆನೋವು. ನಾನು ಓದಿದವನಲ್ಲ, ಆದರೆ ಒಳಗಿನ ಕೆಲಸ ನನ್ನಷ್ಟು ಚೆನ್ನಾಗಿ ಯಾರೂ ಹೇಳಲಾರರು. ಲೋಕದಲ್ಲೆಲ್ಲೂ ಸಿಗದ ಭಾರೀ ಪರಮಾಣು ಹುಟ್ಟಿಸ್ತಾರೆ. ರೆಪ್ಪೆ ಬಡಿಯೋದರೊಳಗೆ ಅದು ಒಡೆದು ಸಾಯುತ್ತೆ. ಸಾಯುವಾಗ ಬಿಡೋ ಕಿಡಿ ಹಿಡಿದು, ಬದುಕಿದ್ದಾಗ ಅದರ ಹೊಟ್ಟೆಯೊಳಗೆ ಏನಿತ್ತು, ಹೇಗಿತ್ತು ಅಂತ ತಿಳ್ಕೋತಾರೆ. ಸತ್ತದ್ದು ತಾಯಿಯಂತೆ, ಉಳಿದದ್ದು ಮಗಳಂತೆ. ಯಂತ್ರ ಓಡುವಾಗ ಒಳಗೆ ಮನುಷ್ಯನಿದ್ದರೆ... ಅವನ ಕತೆ ಮುಗೀತು.

ಅದಕ್ಕೇ ಒಳಗೆ ಹೋಗೋರು ಬಾಗಿಲ ಬಳಿಯ ಹಲಗೆಯಿಂದ ಒಂದು ಬಿಲ್ಲೆ ತಗೊಂಡೇ ಹೋಗಬೇಕು. ಬಿಲ್ಲೆ ಕಮ್ಮಿಯಿದ್ದರೆ ವಿಜ್ಞಾನಿ ಮೇಡಂ ಯಂತ್ರ ಮುಟ್ಟಲ್ಲ. ನಮ್ಮ ಶೂರ, ಒಂದು ನಿಮಿಷದ ಕೆಲಸ ಅಂತ ಬಿಲ್ಲೆ ತಗೊಳ್ಳದೇ ನುಗ್ಗಿದ.

ಹಿಂದಿನಿಂದ ಗುರ್ರ್... ಧಡ್. ಆಮೇಲೆ ಕಟಕ್.

ಬಾಗಿಲು ಮುಚ್ಚಿತು. ದೀಪ ಆರಿತು. ಗೋಡೆಯ ಮೈಕು ಗರಗರ ಅಂತು. ಹೊರಗಿನಿಂದ ಮೇಡಂ ಅದರಲ್ಲೇ ಮೂರು ಸಲ ಕೇಳ್ತಾರೆ, ಒಳಗಿನ ದನಿಯೂ ಅದರಲ್ಲೇ ಅವರಿಗೆ ಕೇಳುತ್ತೆ; ಉತ್ತರ ಬರದಿದ್ದರೆ ಯಂತ್ರ ಶುರು.

"ಒಳಗೆ ಯಾರಾದರೂ ಇದ್ದೀರಾ?"

ಕೂಗೋಕೆ ಬಾಯಿ ತೆರೆದ... ಎಡಗಿವಿಯ ಪಕ್ಕ ಯಾರೋ ಉಸಿರು ಬಿಟ್ಟರು. ಹ್ಞೂ... ಬೆಚ್ಚಗೆ. ನಾಲಿಗೆ ಅಂಗುಳಕ್ಕೆ ಅಂಟಿತು.

"ಯಾರಾದರೂ ಇದ್ದೀರಾ?"

ಗೋಡೆಗೆ ಗುದ್ದಿದ. ಆ ದಪ್ಪಕ್ಕೆ ಟಪ್ ಅಂತಲೂ ಸದ್ದಿಲ್ಲ. ನಾನು ಕಟ್ಟಿದ್ದಲ್ವಾ, ಅಷ್ಟು ಗಟ್ಟಿ!

"ಯಾರಾದರೂ...?"

ಕಿವಿ ಪಕ್ಕದಲ್ಲೇ, ಮೆಲ್ಲಗೆ, ಹೆಣ್ಣು ದನಿ:

"ಯಾರೂ ಇಲ್ಲ..."

ಮೈಕು ಗಪ್‌ಚಿಪ್. ಇವನು ಕಣ್ಣು ಮುಚ್ಚಿ ಹೆಂಡತಿ ಮಕ್ಕಳನ್ನ ನೆನೆದ.

ಕಟಕ್. ಗುರ್ರ್... ಬಾಗಿಲು ಸರೀತು. ಮೇಡಂ ಬೆವೆತು ನಿಂತಿದ್ದರು.

"ಖಾಲಿ ಕೋಣೆ ಉತ್ತರ ಕೊಡುತ್ತೇನೋ, ಪೆದ್ದ? ಬಿಲ್ಲೆ ಎಲ್ಲಿ?"

"ಬೀಗದಕೈ... ಮೇಡಂ..."

"ನಿನ್ನ ಬೀಗದಕೈಗೆ ಬೆಂಕಿ ಬೀಳ! ಹೊರಗೆ ಬಾ."

ಬಂದ. ಬದುಕಿದ. ಮೇಡಂ ಮಾತ್ರ ಬಾಗಿಲು ಮುಚ್ಚೋ ಗುಂಡಿ ಒತ್ತಲಿಲ್ಲ. ನಾನು ಹಿಡಿದ ಮೀನಿಗೆ ಎರಡು ಮೊಳ ಸೇರಿಸಿರಬಹುದು, ಒಪ್ತೀನಿ. ಇದಕ್ಕೆ ಕೂದಲೆಳೆಯಷ್ಟೂ ಸೇರಿಸಿಲ್ಲ. ಮೇಡಂ ಅವನ ಭುಜ ಹಿಡಿದು ಪಕ್ಕಕ್ಕೆ ಎಳೆದು ಅಂದರು:

"ದಾರಿ ಬಿಡೋ... ಹಿಂದಿರೋ ಆಯಮ್ಮನೂ ಬರಲಿ."