ಹುಳದ ಮನೆಯ ಸೋಬಾನೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಅಕ್ಕೂರಿಗೆ ಹೊರಟ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಮದುವೆಯ ಸೋಬಾನೆ ಹಾಡು ಕಲಿಸುವ ಬೀರಮ್ಮ ಮತ್ತು ಕಲಿಯುವ ಪುಟ್ಟಗೌರಿ, ಗೂಡಿಗೆ ಒಳ್ಳೆಯ ರೇಟು ಸಿಕ್ಕವರ ಗತ್ತಿನಲ್ಲಿ ಕುಳಿತಿದ್ದರು. ಪುಟ್ಟಗೌರಿಯ ಗತ್ತು ಬೇಗ ಇಳಿಯಿತು.

"ನಾಳೆ ತಮ್ಮನ ಧಾರೇಲಿ ಹಾಡ್ಬೇಕು ದೊಡ್ಡವ್ವ. ಗಂಟ್ಲೇ ಏಳಾಕಿಲ್ಲ."

"ಹುಳದ ಮನೇಲಿ ಚೆನ್ನಾಗೇ ಹಾಡ್ತಿದ್ದೆಯಲ್ಲೇ?"

"ಹುಳ ಸೊಪ್ಪು ಮೇಯೋ ಸದ್ದು ಮಳೆ ಹುಯ್ದಂಗೆ ಇರ್ತಿತ್ತು. ನಾನು ತಪ್ಪಿದ್ರೂ ಯಾರ್ಗೂ ಕೇಳ್ತಿರ್ನಿಲ್ಲ."

"ಅದ್ಕೇ ಕಣವ್ವ ಅಲ್ಲಿ ಕಲಿಸ್ದೆ. ನಂಗೆ ಮಾತ್ರ ಕೇಳ್ತಿತ್ತು."

"ಮತ್ಯಾಕೆ ಬೈನಿಲ್ಲ?"

"ಬೈದಿದ್ರೆ ಬಾಯಿ ಬುಡ್ತಿದ್ಯಾ ನೀನು?"

"ಈಗ ಹುಳ ಎಲ್ಲಾ ಗೂಡಾಗೋಯ್ತಲ್ಲ. ಮನೇಲಿ ಸದ್ದೇ ಇಲ್ಲ."

"ಈ ಬಸ್ಸಿನ ಸದ್ದು ಕಮ್ಮಿ ಐತಾ? ಶುರು ಮಾಡು, ನಾನೂ ಒಸಿ ದನಿ ಕೊಡ್ತೀನಿ."

ಪುಟ್ಟಗೌರಿ ಬಾಯಿಗೆ ಸೆರಗು ಅಡ್ಡ ಹಿಡಿದು, ಕಣ್ಣು ಮುಚ್ಚಿ ಶುರು ಮಾಡಿದಳು. ಬೀರಮ್ಮ ಜೊತೆಗೂಡಿದರು, ಸ್ವಲ್ಪ ಹೊತ್ತಿಗೆ ಸದ್ದಿಲ್ಲದೆ ಬಾಯಿ ಮುಚ್ಚಿಕೊಂಡರು.

ಅಕ್ಕೂರಿನಲ್ಲಿ ಡ್ರೈವರ್ ಎಂಜಿನ್ ಆರಿಸಿದ. ಹಾಡು ಮಾತ್ರ ನಿಲ್ಲಲಿಲ್ಲ. ಇಳಿಯಬೇಕಾದವರು ಕೂಡ ಎದ್ದಿರಲಿಲ್ಲ.

"ಊರು ಬಂತು, ಏಳೇ. ಬಸ್ಸೆಲ್ಲಾ ಕೇಳ್ತಾ ಐತೆ."

"ಅಯ್ಯೋ! ತಪ್ಪೋಯ್ತಾ?"

"ನಾಳೀಕೂ ಹಿಂಗೇ ತಪ್ಪು ಹಾಡವ್ವ," ಎನ್ನುತ್ತ ಬೀರಮ್ಮ ಇಳಿದು ಹೋದರು.