ಚಂದಕ್ಕೆ ನೆಟ್ಟ ಲುವಾನ್ಯಿ

ಮುಕೋನೊ ಕಡೆ ಹೊರಟ, ಜನ ತುಂಬಿದ ವ್ಯಾನ್ ಟ್ಯಾಕ್ಸಿಯಲ್ಲಿ, ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಟೆಂಡೋ ಕಿವಿಗೆ ಬೀಳುತ್ತಿತ್ತು.

“ಹೊಸ ಗಂಡ ಹೇಗಿದಾನೆ, ನಮುಲಿ?”

“ಬಂದ ವಾರವೇ ಹಿತ್ತಲು ಅಗೆದ. ಈಗ ಸೊಪ್ಪು, ಬದನೆ ಎಲ್ಲ ಮನೇದೇ.”

“ಅಬ್ಬಾ! ನನ್ನವನು ಮೂಗು ಬಿಟ್ಟು ಇನ್ನೇನೂ ಅಗೆಯಲ್ಲ.”

“ಸುತ್ತಲೂ ಲುವಾನ್ಯಿ ಬೇರೆ ನೆಟ್ಟಿದಾನೆ.”

“ಅಯ್ಯೋ ಪೆದ್ದಿ! ಅದು ಜಮೀನಿನ ಗಡಿಗೆ ನೆಡೋ ಗಿಡ ಕಣೇ! ನಿಮ್ಮಪ್ಪ ನಿನಗೆ ಕೊಟ್ಟ ಜಾಗ ಅದು. ನಾಳೆ ಊರವರನ್ನ ಕರೆದು, ಗಡಿ ನೆಟ್ಟವನು ನಾನೇ ಅಂತಾನೆ.”

“ಚಂದಕ್ಕೆ ಅಂದ.”

“ಚಂದಕ್ಕಂತೆ! ಬದನೆಕಾಯಿ ತಿನ್ನಿಸಿ ಹಿತ್ತಲನ್ನೇ ನುಂಗ್ತಾನೆ ನೋಡು.”

“ಗಿಡ ಬದುಕಿದ್ರೆ ತಾನೆ?”

“ಲುವಾನ್ಯಿ ಕಲ್ಲಿನ ಮೇಲೆ ಎಸೆದ್ರೂ ಚಿಗುರುತ್ತೆ.”

“ಬಾಳೆಕಾಯಿ ಬೇಯಿಸಿದ ಕುದಿನೀರನ್ನ ದಿನಾ ಬುಡಕ್ಕೆ ಹೊಯ್ದರೆ ಚಿಗುರಲ್ಲ.”

ಗೆಳತಿ ಅವಳತ್ತ ಪೂರ್ತಿ ತಿರುಗಿ ಕೂತಳು. ಟೆಂಡೋ ಕಿಟಕಿಯತ್ತ ಮುಖ ತಿರುಗಿಸಿ, ನಗು ತಡೆಯಲು ತುಟಿ ಕಚ್ಚಿಕೊಂಡಳು.

“ಅವನಿಗೆ ಅನುಮಾನ ಬಂದಿಲ್ವಾ?”

“ಮಣ್ಣಲ್ಲಿ ಸತ್ವ ಇಲ್ಲ ಅಂತ ಗೊಬ್ಬರ ಹೊತ್ತು ಹೊತ್ತು ಹಾಕ್ತಿದಾನೆ, ಪಾಪ. ಬದನೆ ಹೇಗೆ ಬಂದಿದೆ ಗೊತ್ತಾ!”

ಸಂತೆ ಕಂಡದ್ದೇ ನಮುಲಿ ಎದ್ದಳು.

“ಇಲ್ಲೇ ನಿಲ್ಲಿಸಪ್ಪ. ಬಾರೇ, ಇಳಿಯೋಣ. ಅವನ ಗುದ್ದಲಿ ಸವೆದುಹೋಗಿದೆ, ಹೊಸದೊಂದು ಕೊಡಿಸಬೇಕು.”