ಐದು ನಿಮಿಷ ಹೊರಗೆ

ಮಕ್ಕಳ ರಕ್ಷಣಾ ಕಚೇರಿಯ ಬಾಗಿಲಿಗೆ ಹೊಸ ಬೀಗ ಕೂರಿಸುತ್ತಿದ್ದವನ ಕಿವಿಗೆ ಈ ಪರದೇಶದಲ್ಲಿ ಕನ್ನಡ ಬಿದ್ದದ್ದೇ ತಡ, ಕೈ ನಿಂತುಹೋಯಿತು. ಬೆಂಚಿನ ಮೇಲೆ ಇಬ್ಬರು ಹೆಂಗಸರು: ಒಬ್ಬಾಕೆ ಒಂದು ಮಗುವಿನ ತಾಯಿ, ಇನ್ನೊಬ್ಬಾಕೆ ಕಚೇರಿಯ ದುಭಾಷಿ.

“ಹಟ ಮಾಡಿದ್ರೆ ಹೊಡೀಬೇಡಿ, ಐದು ನಿಮಿಷ ಹೊರಗೆ ಕೂರಿಸಿ ಅಂತ ಕ್ಲಾಸಲ್ಲಿ ಕೊಟ್ಟ ನಿಮ್ಮ ಪುಸ್ತಕದಲ್ಲೇ ಇದೆಯಲ್ಲಮ್ಮಾ. ಕೂರಿಸಿದೆ.”

“ಹೊರಗೆ ಅಂದ್ರೆ ಆಟದಿಂದ ಹೊರಗೆ. ಪಕ್ಕದ ರೂಮಲ್ಲಿ, ಕುರ್ಚಿ ಮೇಲೆ.”

“ಪಕ್ಕದ ರೂಮು ಬೇರೆಯವರದ್ದು. ನಮಗಿರೋದು ಒಂದೇ.”

“ಮೂರು ವಾರ ತಾಯಂದಿರ ಕ್ಲಾಸಿಗೆ ಬಂದ್ರಲ್ಲ, ಒಂದು ಮಾತು ಕೇಳಬಾರದಿತ್ತಾ?”

“ಅರ್ಥ ಆಗದಿದ್ರೆ ತಾನೇ ಕೇಳೋದು? ಅಚ್ಚ ಕನ್ನಡದಲ್ಲಿತ್ತು.”

“ಬಾಗಿಲು ಯಾಕೆ ಹಾಕ್ಕೊಂಡ್ರಿ?”

“ಅತ್ತರೂ ತಿರುಗಿ ನೋಡಬೇಡಿ ಅಂತಿತ್ತು. ತೆರೆದಿದ್ರೆ ನೋಡಿಬಿಡ್ತಿದ್ದೆ. ಫೋನಲ್ಲಿ ಐದು ನಿಮಿಷಕ್ಕೆ ಅಲಾರಂ ಇಟ್ಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ತೆಗೆದ್ರೆ ಮೆಟ್ಟಿಲ ಮೇಲೆ ಮಗು ಇಲ್ಲ.”

“ಬೀದೀಲಿ ಅಳ್ತಾ ನಿಂತಿದ್ಲಂತೆ. ಕಂಡೋರು ಪೊಲೀಸರಿಗೆ ಫೋನ್ ಮಾಡಿದಾರೆ.”

“ಹನ್ನೆರಡು ದಿನ ಆಯ್ತು, ಮಗೂನ ಇವರು ಯಾರದ್ದೋ ಮನೇಲಿಟ್ಟು. ನೀರು ಬೇಕು ಅಂದ್ರೆ ಅಲ್ಲಿ ಯಾರಿಗೆ ಅರ್ಥ ಆಗುತ್ತೆ?”

ದುಭಾಷಿ ಮಡಿಲಲ್ಲಿದ್ದ ಪುಸ್ತಕವನ್ನು ಮುಚ್ಚಿದಳು.

“ಒಳಗೆ ಹೇಳಿ ಅಮ್ಮಾ. ಪುಸ್ತಕವನ್ನ ಕನ್ನಡಕ್ಕೆ ಮಾಡಿ ‘ಹೊರಗೆ’ ಅಂತ ಬರೆದೋರು ನೀವೇ ಅಂತ.”

“ಅವರು ಕೇಳಿದ್ರೆ ನೋಡೋಣ.”

“ನಾನೇ ಹೇಳ್ತೀನಿ ಬಿಡಿ.”

“ಹೇಳಿ.”

“ನಾನು ಹೇಳಿದ್ದನ್ನ ಅವರಿಗೆ ಮುಟ್ಟಿಸೋರೂ ನೀವೇ ಅಲ್ವಾ?”

ಒಳಗಿನಿಂದ ಕರೆ ಬಂತು. ದುಭಾಷಿ ಪುಸ್ತಕವನ್ನು ತನ್ನ ಚೀಲಕ್ಕೆ ಹಾಕಿ, ಜಿಪ್ ಎಳೆದು ಎದ್ದಳು. ತಾಯಿ ಹಿಂದೆಯೇ ನಡೆದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದ ಬೀಗದವನು ಪಕ್ಕಕ್ಕೆ ಸರಿದು, ಅವರಿಗೆ ದಾರಿ ಬಿಟ್ಟ.